ಪದಚರ್ಚೆ: ಹೋಮ್‌ಬ್ರೂಗೆ ‘ಹವ್ಯಾಸಿ’ ಒಗ್ಗುತ್ತದೆಯೇ?

ಮಿತ್ರರಿಗೆ ನಮಸ್ಕಾರ.

ಹಳೆಯ ಪಿಎಸ್‌ಪಿಯನ್ನು ಮಾರ್ಪಡಿಸಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸೋನಿಯ ಈ ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಈಗ ಹೊಸದು ಸಿಗುವುದಿಲ್ಲ. ಆದರೆ ಅಲಮಾರಿನಲ್ಲಿ ಬಿದ್ದಿರುವ ಹಳೆಯ ಸೆಟ್‌ಗೆ ಮತ್ತೆ ಜೀವ ತುಂಬುವವರು ಇಂದಿಗೂ ಇದ್ದಾರೆ. ಅಂಥವರಿಗೆ ಬರೆಯುವಾಗ ಹಲವು ಪದಗಳು ಸಲೀಸಾಗಿ ಬಂದವು. ಬಗ್ಗದೆ ಉಳಿದದ್ದು ‘ಹೋಮ್‌ಬ್ರೂ’.

ಮೊದಲು ಅದೇನು ಅಂತ ಹೇಳಿಬಿಡುತ್ತೇನೆ. ಕಂಪನಿಯ ಪರವಾನಗಿ ಇಲ್ಲದೆ ಜನರು ತಾವೇ ಬರೆದು, ಸಾಮಾನ್ಯವಾಗಿ ದುಡ್ಡಿಲ್ಲದೆ ಹಂಚಿಕೊಳ್ಳುವ ಆಟ, ಪುಸ್ತಕ ಓದುವ ಸಾಫ್ಟ್‌ವೇರ್, ಇನ್ನಿತರ ಸಣ್ಣಪುಟ್ಟ ಸಲಕರಣೆ. ಹಾಕುವ ಕೆಲಸ ಸರಳ. ಮೆಮೊರಿ ಸ್ಟಿಕ್‌ನಲ್ಲಿ ‘ಪಿಎಸ್‌ಪಿ’ ಅನ್ನುವ ಫೋಲ್ಡರ್, ಅದರೊಳಗೆ ‘ಗೇಮ್’. ಅಲ್ಲಿ ಹೊಸದೊಂದು ಫೋಲ್ಡರ್ ಮಾಡಿ ‘ಇಬೂಟ್’ ಹೆಸರಿನ ಫೈಲ್ ಇಟ್ಟರೆ ಸಾಕು. ಕಂಪನಿಯ ಫರ್ಮ್‌ವೇರ್ (ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ಸಾಫ್ಟ್‌ವೇರ್) ಇರುವ ಸೆಟ್ ಆ ಫೈಲನ್ನು ತೆರೆಯುವುದಿಲ್ಲ, ಅದರಲ್ಲಿ ಕಂಪನಿಯ ಡಿಜಿಟಲ್ ಸಹಿ ಇರುವುದಿಲ್ಲವಲ್ಲ. ಮಾರ್ಪಡಿಸಿದ ಫರ್ಮ್‌ವೇರ್ ಆ ಸಹಿಯನ್ನು ಕೇಳುವುದಿಲ್ಲ.

ತೊಡಕು ಇಲ್ಲೇ ಇದೆ. ಸಹಿ ಕೇಳದ ಸೆಟ್‌ನಲ್ಲಿ ಸ್ವಂತ ಕೈಯಿಂದ ಬರೆದ ಆಟವೂ ನಡೆಯುತ್ತದೆ, ಕದ್ದು ಕಾಪಿ ಮಾಡಿದ ಆಟವೂ ನಡೆಯುತ್ತದೆ. ನಮ್ಮ ಅಂಗಡಿ ಮಾತಿನಲ್ಲಿ ಎರಡಕ್ಕೂ ಸೇರಿ ಒಂದೇ ಪದ, ‘ಕ್ರ್ಯಾಕ್’. ‘ಕ್ರ್ಯಾಕ್ ಮಾಡ್ಸಿರೋ ಸೆಟ್ಟಾ?’ ಅಂತ ಕೇಳುತ್ತಾರೆ. ಕಾಪಿ ಆಟ ನಡೆಸಲು ಯಂತ್ರದೊಳಗೆ ಚಿಪ್ ಕೂರಿಸುತ್ತಿದ್ದ ಪ್ಲೇಸ್ಟೇಷನ್ 2ರ ಕಾಲದಿಂದ ಬಂದವರಾದರೆ ‘ಚಿಪ್ ಹಾಕ್ಸಿದೀರಾ?’ ಅನ್ನುತ್ತಾರೆ, ಪಿಎಸ್‌ಪಿಗೆ ಚಿಪ್ ಬೇಕಿಲ್ಲದಿದ್ದರೂ. ರಾತ್ರಿಯೆಲ್ಲಾ ಕೂತು ತಾನೇ ಒಂದು ಆಟ ಬರೆದ ಹುಡುಗಿಯ ಕೆಲಸಕ್ಕೂ, ಡಿಸ್ಕ್ ಕಾಪಿ ಮಾಡಿ ಮಾರುವವನ ಕೆಲಸಕ್ಕೂ ಒಂದೇ ಹೆಸರಿಟ್ಟರೆ ಅನ್ಯಾಯ ಅಲ್ವಾ? ನನ್ನ ಕೈಪಿಡಿಯಲ್ಲಿ ಈ ಎರಡು ಬೇರೆಬೇರೆಯಾಗಿ ಕಾಣಲೇಬೇಕು.

ಇಂಗ್ಲಿಷಿನಲ್ಲಿ ಈ ಪದ ಮನೆಯಲ್ಲೇ ಬಿಯರ್ ತಯಾರಿಸುವುದರಿಂದ ಬಂದದ್ದು. ಹ್ಯಾಮ್ ರೇಡಿಯೊದವರು, ಅಂದರೆ ಖುಷಿಗಾಗಿ ರೇಡಿಯೊದಲ್ಲಿ ಪರಸ್ಪರ ಮಾತಾಡುವವರು, ತಾವೇ ಕಟ್ಟಿಕೊಂಡ ಸೆಟ್‌ಗಳಿಗೂ ಇದೇ ಪದ ಬಳಸಿದರು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಇದನ್ನು ಕಂಪ್ಯೂಟರ್ ಲೋಕದಲ್ಲಿ ಹೆಸರುವಾಸಿ ಮಾಡಿತು. ಸ್ಟೀವ್ ವೋಜ್ನಿಯಾಕ್ ತಮ್ಮ ಮೊದಲ ಆಪಲ್ ಕಂಪ್ಯೂಟರನ್ನು ಗೆಳೆಯರಿಗೆ ತೋರಿಸಿದ್ದು ಆ ಕ್ಲಬ್ಬಿನಲ್ಲೇ. ಅಲ್ಲಿ ಆ ಪದಕ್ಕೆ ಹೆಮ್ಮೆಯ ಬಣ್ಣ ಇದೆ. ನಮ್ಮಲ್ಲಿ ಅದನ್ನೇ ನೇರವಾಗಿ ಇಳಿಸಲು ಹೋದರೆ ‘ಬಟ್ಟಿ’ ಬರುತ್ತದೆ. ಬಟ್ಟಿ ಅಂದ ತಕ್ಷಣ ಹಿಂದೆಯೇ ಕಳ್ಳಬಟ್ಟಿ ಬಂದು ನಿಲ್ಲುತ್ತದೆ. ಯಾವ ಕಳ್ಳತನದ ವಾಸನೆ ಬೇಡ ಅಂತ ಹೊರಟೆವೋ ಅದನ್ನೇ ಮೈಗೆ ಬಳಿದುಕೊಂಡ ಹಾಗಾಯಿತು.

‘ಮನೆಯಾಟ’ ಅನ್ನಬಹುದಿತ್ತು, ಮನೆಮದ್ದಿನ ಹಾಗೆ. ಆದರೆ ಕೇಳಿದವರು ಚೌಕಾಬಾರ, ಅಳಗುಳಿಮಣೆ ಅಂದುಕೊಳ್ಳುತ್ತಾರೆ. ‘ನಾಟಿ ಆಟ’ ಬಾಯಿಗೆ ಚೆನ್ನಾಗಿದೆ. ಆದರೆ ನಾಟಿ ಅಂದರೆ ಈ ನೆಲದ್ದು, ಈ ತಳಿಯದ್ದು. ಸ್ಪೇನಿನವರೊಬ್ಬರು ಬರೆದ ಆಟವನ್ನು ನಾಟಿ ಅನ್ನುವುದು ಹೇಗೆ?

ಆಗ ಹೊಳೆದದ್ದು ರಂಗಭೂಮಿಯ ಜೋಡಿಪದ. ನಮ್ಮಲ್ಲಿ ‘ಕಂಪನಿ ನಾಟಕ’ ಇದೆ, ‘ಹವ್ಯಾಸಿ ನಾಟಕ’ ಇದೆ. ಗುಬ್ಬಿ ಕಂಪನಿಯಂಥ ವೃತ್ತಿ ತಂಡಗಳದ್ದು ಒಂದು ದಾರಿಯಾದರೆ, ಹಗಲು ಆಫೀಸು, ಸಂಜೆ ರಿಹರ್ಸಲ್ ಅಂತ ಬದುಕಿದವರದ್ದು ಇನ್ನೊಂದು. ಹವ್ಯಾಸಿ ರಂಗಭೂಮಿಯನ್ನು ಯಾರೂ ಕಂಪನಿಯ ನಕಲು ಅನ್ನಲಿಲ್ಲ, ಕಳ್ಳಮಾಲು ಅನ್ನಲಿಲ್ಲ. ಹವ್ಯಾಸಿ ಪತ್ರಕರ್ತ ಅಂದಾಗಲೂ ಹಾಗೇ, ಯಾವ ಪತ್ರಿಕೆಯ ಸಂಬಳದಲ್ಲೂ ಇಲ್ಲದವರು ಅಂತ ಅರ್ಥ. ಹ್ಯಾಮ್ ರೇಡಿಯೊಗೂ ಹವ್ಯಾಸಿ ರೇಡಿಯೊ ಅನ್ನುವುದುಂಟು. ಇನ್ನೊಂದು ಕಡೆಯಿಂದ ನೋಡಿದರೆ ರಿಪೇರಿ ಅಂಗಡಿಯಲ್ಲಿ ‘ಕಂಪನಿ ಮಾಲು’, ‘ಕಂಪನಿ ಸಾಫ್ಟ್‌ವೇರ್’ ಅನ್ನುವುದು ದಿನದ ಮಾತು. ಹಾಗಾಗಿ ‘ಕಂಪನಿ ಆಟ’, ‘ಹವ್ಯಾಸಿ ಆಟ’ ಅಂತ ಎದುರುಬದುರು ಇಟ್ಟರೆ ವಿವರಣೆ ಜಾಸ್ತಿ ಬೇಕಾಗುವುದಿಲ್ಲ. ಕದ್ದದ್ದಕ್ಕೆ ‘ಕಳ್ಳ ಕಾಪಿ’ ಇದ್ದೇ ಇದೆ.

ಉಳಿದ ಎರಡು ಪದಗಳನ್ನೂ ಇಲ್ಲೇ ಮುಂದಿಡುತ್ತೇನೆ.

ಒಂದು, ವೇಗದ್ದು. ಪಿಎಸ್‌ಪಿಯ ಪ್ರೊಸೆಸರ್ 333 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದು. ಮೊದಮೊದಲು ಕಂಪನಿ ಅದನ್ನು ಆಟಗಳಿಗೆ 222ರಲ್ಲೇ ಕಟ್ಟಿಹಾಕಿತ್ತು. ಆ ಮಿತಿ ತೆಗೆದದ್ದು 2007ರಲ್ಲಿ. ಆದರೂ ಹಳೆಯ ಆಟಗಳು ತಮ್ಮ ಹಳೆಯ ವೇಗದಲ್ಲೇ ನಡೆಯುತ್ತವೆ. ಮಾರ್ಪಡಿಸಿದ ಸೆಟ್‌ನಲ್ಲಿ ಮುಖ್ಯ ಮೆನುವಿನಲ್ಲಿದ್ದಾಗ ಸೆಲೆಕ್ಟ್ ಗುಂಡಿ ಒತ್ತಿದರೆ ಸಣ್ಣದೊಂದು ಪಟ್ಟಿ ಬರುತ್ತದೆ. ಅಲ್ಲಿ 333 ಆರಿಸಿಕೊಂಡರೆ, ತಡವರಿಸುತ್ತಿದ್ದ ಎಷ್ಟೋ ಆಟಗಳು ನುಣುಪಾಗಿ ಓಡುತ್ತವೆ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಇದನ್ನು ಎಲ್ಲರೂ ಸುಮ್ನೆ ‘ಓವರ್‌ಕ್ಲಾಕ್’, ಅಂದರೆ ಪ್ರೊಸೆಸರನ್ನು ಅದರ ನಿಗದಿತ ವೇಗ ಮೀರಿ ಓಡಿಸುವುದು, ಅಂದುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಇದು ಟ್ಯಾಕ್ಸಿಯ ಸ್ಪೀಡ್ ಗವರ್ನರ್ ತೆಗೆದ ಹಾಗೆ, ಎಂಜಿನ್‌ನ ಶಕ್ತಿ ಮೀರಿ ಓಡಿಸಿದ ಹಾಗಲ್ಲ. ‘ವೇಗದ ಕಟ್ಟು ಬಿಚ್ಚು’ ಅಂತ ಬರೆದಿದ್ದೇನೆ. ತಕರಾರಿದ್ದರೆ ಹೇಳಿ.

ಎರಡು, ‘ಬ್ರಿಕ್’. ಫರ್ಮ್‌ವೇರ್ ಬರೆಯುವ ನಡುವೆ ಬ್ಯಾಟರಿ ಹೋದರೆ ಸೆಟ್ ಕೆಲಸಕ್ಕೆ ಬಾರದೆ ಕೂರುತ್ತದೆ, ಅದಕ್ಕೆ ಈ ಮಾತು. ‘ಇಟ್ಟಿಗೆಯಾಯಿತು’ ಅಂದರೆ ನಮಗೆ ಏನೂ ಹೊಳೆಯುವುದಿಲ್ಲ. ‘ಗುಂಡುಕಲ್ಲು’ ಅಂದರೆ ಇನ್ನೂ ಫಜೀತಿ, ಗುಂಡುಕಲ್ಲಿನ ಹಾಗಿದ್ದಾನೆ ಅಂದರೆ ಗಟ್ಟಿಮುಟ್ಟಾಗಿದ್ದಾನೆ ಅಂತ. ಮೊಬೈಲ್ ಅಂಗಡಿಯವರ ‘ಸೆಟ್ ಡೆಡ್’ ಎಲ್ಲರಿಗೂ ಗೊತ್ತು, ಅದನ್ನೇ ಉಳಿಸಿಕೊಂಡಿದ್ದೇನೆ. ಡೆಡ್ ಆದ ಹಳೆಯ ಪಿಎಸ್‌ಪಿಗಳನ್ನು ಎಬ್ಬಿಸುವ ‘ಪಂಡೋರಾ ಬ್ಯಾಟರಿ’ 2007ರಿಂದಲೇ ಇದೆ. ಬ್ಯಾಟರಿಯೊಳಗಿನ ಸೀರಿಯಲ್ ನಂಬರ್ ಬದಲಾಯಿಸಿದರೆ ಸೆಟ್ ಅದನ್ನು ಸರ್ವಿಸ್ ಸೆಂಟರಿನ ಬ್ಯಾಟರಿ ಅಂದುಕೊಂಡು ಮೆಮೊರಿ ಸ್ಟಿಕ್‌ನಿಂದಲೇ ಶುರುವಾಗುತ್ತದೆ. ಪಿಎಸ್‌ಪಿ 3000ದಂಥ ನಂತರದ ಸೆಟ್‌ಗಳಲ್ಲಿ ಆ ಉಪಾಯ ನಡೆಯಲಿಲ್ಲ. ‘ಡೆಡ್ ಆದದ್ದು ಎದ್ದಿತು’ ಅಂತ ಬರೆದರೆ ಓದುವವರಿಗೆ ಗೊಂದಲವಾಗದು ಅಂದುಕೊಂಡಿದ್ದೇನೆ.

ಈಗ ‘ಹವ್ಯಾಸಿ’ ಬಗ್ಗೆ ನನ್ನ ಕೇಳ್ವಿ. ಮರಾಠಿಯಲ್ಲಿ ಹವ್ಯಾಸ ಅಂದರೆ ಅತಿಯಾಸೆ, ಹಪಾಹಪಿ. ಬೆಳಗಾವಿ, ನಿಪ್ಪಾಣಿ ಕಡೆ ಎರಡೂ ಭಾಷೆ ಆಡುವವರ ಕಿವಿಗೆ ‘ಹವ್ಯಾಸಿ ಆಟ’ ಚಟದ ಆಟ ಅಂತ ಕೇಳಿಸುತ್ತದೆಯೇ? ಕನ್ನಡದಲ್ಲೂ ‘ಕೆಟ್ಟ ಹವ್ಯಾಸ’ ಅನ್ನುವ ಮಾತಿದೆ. ಆಟದ ಪಕ್ಕದಲ್ಲೇ ಆ ಪದ ಬಂದಾಗ ಅಪ್ಪ ಅಮ್ಮಂದಿರು ಹೇಗೆ ಓದಿಕೊಳ್ಳುತ್ತಾರೆ ಅನ್ನುವುದೂ ಮುಖ್ಯ. ಇನ್ನೊಂದು ತೊಡಕು ವ್ಯಾಕರಣದ್ದು. ಹವ್ಯಾಸಿ ಒಂಟಿಯಾಗಿ ನಿಂತರೆ ಮನುಷ್ಯನಾಗಿಬಿಡುತ್ತದೆ. ‘ಹೋಮ್‌ಬ್ರೂ ಹಾಕಿ’ ಅನ್ನುವ ಕಡೆ ‘ಹವ್ಯಾಸಿಯನ್ನು ಹಾಕಿ’ ಅನ್ನಲಾಗುವುದಿಲ್ಲ, ಪ್ರತಿ ಸಲ ಆಟ ಅಂತಲೋ ತಂತ್ರಾಂಶ ಅಂತಲೋ ಸೇರಿಸಬೇಕು. ಒಂದೇ ಪದದಲ್ಲಿ ಮುಗಿಯುವಂಥದ್ದು ಯಾರಿಗಾದರೂ ಹೊಳೆದರೆ ತಿಳಿಸಿ. ರಂಗಭೂಮಿಯಲ್ಲಿ ಓಡಾಡಿದವರು, ಹ್ಯಾಮ್ ಲೈಸೆನ್ಸ್ ಇರುವವರು ತಮ್ಮ ನಡುವೆ ಏನನ್ನುತ್ತಾರೆ ಅಂತ ಬರೆದರೆ ನನಗೆ ತುಂಬಾ ಉಪಕಾರ.