ಒಲೆ ಮುಂದೆ ಕೂರೋರು ಯಾರು?

"ಹಂಡೆಯಿಂದ ನೀರು ತೋಡ್ಕೊಂಡು ಸ್ನಾನ ಮಾಡೋದು ಗೊತ್ತು. ಹಂಡೆ ಒಳಕ್ಕೇ ಇಳಿಯೋದು ಯಾವ ಸೀಮೆ ಪದ್ಧತಿ ಕಣಯ್ಯಾ?" ಅಂದ ಮಂಡ್ಯದ ಗೌಡ.

ನೆದರ್ಲೆಂಡ್ಸಿನ ಐಂಡ್‌ಹೋವನ್ನಿನಲ್ಲಿ ಸುಮಕ್ಕನ ಮನೆ. ತಟ್ಟೆಯಲ್ಲಿ ಅವರ ಧಾರವಾಡದ ಗಿರ್ಮಿಟ್, ಮುಂದೆ ಅಕ್ಟೋಬರ್ ರಜೆಯ ಯೋಜನೆ. ವೇಲುವೆ ಕಾಡಿನ ಅಂಚಿನಲ್ಲಿ ಟೆಂಟು ಹಿಡಿಯೋಣ ಅಂತ ಮಾತು. ಟೆಂಟು ಅಂದರೆ ಮಂಚ, ಮೆತ್ತನೆ ಹಾಸಿಗೆ, ಕಾಫಿ ಯಂತ್ರ ಎಲ್ಲ ಇರುವಂಥದ್ದು. ಗೋಡೆ ಮಾತ್ರ ಬಟ್ಟೆಯದು, ಅದಕ್ಕೇ ದುಬಾರಿ. ಇನ್ನೂ ನಾಲ್ಕು ಕಾಸು ಕೊಟ್ಟರೆ ಸೌದೆ ಒಲೆಯ ಹಾಟ್‌ಟಬ್ಬನ್ನು, ಅಂದರೆ ಒಳಗಿಳಿದು ಕೂರುವ ಬಿಸಿನೀರಿನ ತೊಟ್ಟಿಯನ್ನು, ಟ್ರೇಲರ್ ಮೇಲೆ ಎಳೆದು ತಂದು ಟೆಂಟಿನ ಮುಂದೆ ನಿಲ್ಲಿಸಿ ಹೋಗುತ್ತಾರೆ. ನಮ್ಮಲ್ಲಿ ನಾಮಕರಣಕ್ಕೆ ಶಾಮಿಯಾನ ತರಿಸಿದಂತೆ ಇಲ್ಲಿ ಶನಿವಾರ-ಭಾನುವಾರಕ್ಕೆ ಟಬ್ ಬಾಡಿಗೆಗೆ ತರಿಸುತ್ತಾರೆ.

ಶಿರಸಿಯ ಭಟ್ಟ ಆಗಲೇ ಪೆನ್ನು ತೆಗೆದಿದ್ದ. ಅವನಿಗೆ ಯಾವುದನ್ನಾದರೂ ವಿವರಿಸದೆ ಗಿರ್ಮಿಟ್ ಇಳಿಯುವುದಿಲ್ಲ.

"ಪಂಪೂ ಬೇಡ, ಕರೆಂಟೂ ಬೇಡ ಮಾರಾಯ. ಇಲ್ಲಿಯವನೇ ಫ್ಲೋರಿಸ್ ಸ್ಕೋಂಡರ್‌ಬೇಕ್ ಅಂತ ಒಬ್ಬ ಡಿಸೈನರ್ ಮಾಡಿದ ಡಚ್‌ಟಬ್ ನೋಡು. ಫೈಬರ್ ತೊಟ್ಟಿ, ಪಕ್ಕದಲ್ಲಿ ಸ್ಟೀಲ್ ಕೊಳವೆಯ ಸುರುಳಿ, ಸುರುಳಿಯ ಹೊಟ್ಟೆಯೊಳಗೆ ಬೆಂಕಿ. ಕಾದ ನೀರು ಹಗುರಾಗಿ ಮೇಲಿನ ತೂತಿಂದ ತೊಟ್ಟಿಗೆ ಹೋಗ್ತದೆ, ತಣ್ಣನೆಯದು ಕೆಳಗಿನ ತೂತಿಂದ ಸುರುಳಿಗೆ ಬರ್ತದೆ. ಬೆಂಕಿ ಇರುವಷ್ಟು ಹೊತ್ತೂ ನೀರು ತನ್ನಷ್ಟಕ್ಕೆ ಸುತ್ತುತ್ತಿರ್ತದೆ. ಆದರೆ ನೀರು ತುಂಬುವ ಮೊದಲು ಕಡ್ಡಿ ಗೀರಿದೆಯೋ, ಸುರುಳಿ ಸುಟ್ಟು ಹೋಯ್ತು."

"ಅದನ್ನ ನಮ್ಮವ್ವ ಡಿಸೈನ್ ಓದದೇನೇ ಹೇಳ್ತಿದ್ಲು. ಖಾಲಿ ಹಂಡೆ ಕೆಳಗೆ ಉರಿ ಹಾಕಿದ್ರೆ ಬೆನ್ನ ಮೇಲೆ ಏಟು ಬೀಳೋದು," ಅಂದ ಗೌಡ.

"ಸೌದೆ ಎಷ್ಟು ಬೇಕಾಗ್ತದ್ರೀ?" ಸುಮಕ್ಕ ಕೇಳಿದರು. ಲೆಕ್ಕಪತ್ರ ಅವರ ಕೈಯಲ್ಲಿದೆ.

ಭಟ್ಟ ಟಿಶ್ಯೂ ಕಾಗದ ಬಿಡಿಸಿದ. ತೊಟ್ಟಿಯಲ್ಲಿ 1,000 ಲೀಟರ್ ನೀರು. ನಲ್ಲಿ ನೀರು 10 ಡಿಗ್ರಿ, ನಮಗೆ ಬೇಕಾದದ್ದು 38. ಅಂದರೆ 28,000 ಕಿಲೋಕ್ಯಾಲೊರಿ. ಒಂದು ಕೆಜಿ ಒಣ ಸೌದೆ ಸುಮಾರು 3,500 ಕೊಟ್ಟೀತು, ಅದರಲ್ಲಿ ಅರ್ಧ ಚಿಮಣಿಗೂ ಗಾಳಿಗೂ ಹೋಯಿತು ಅಂತಿಟ್ಟುಕೊಳ್ಳಿ. "16 ಕೆಜಿ. ಸೌದೆ ಹಸಿ ಇದ್ದರೆ ದೇವರೇ ಗತಿ."

"ಇಲ್ಲಿ ಪೆಟ್ರೋಲ್ ಬಂಕಿನಾಗ ಬಲೆ ಚೀಲದಾಗ ಕಟ್ಟಿ ಮಾರ್ತಾರಲ್ಲ, ಅದನ್ನ ತರೋದಾ? ಅಷ್ಟು ರೊಕ್ಕಾ ಕೊಟ್ಟು?"

ಭಟ್ಟನ ಮುಖ ಸಣ್ಣದಾಯಿತು. "ನಮ್ಮ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಒಣಗಿದ ಸೋಗೆ, ತೆಂಗಿನ ಮಟ್ಟೆ. ದುಡ್ಡು ಕೊಟ್ಟು ಸೌದೆ ತಂದೆ ಅಂತ ಗೊತ್ತಾದರೆ ನಮ್ಮಜ್ಜ ಸ್ವರ್ಗದಿಂದ ಇಳಿದು ಬಂದು ಕೇಳ್ತಾನೆ."

ನಾನು ಬಾಡಿಗೆಯವರ ನಿಯಮ ಓದಿದೆ. ಸೋಪು ಕೂಡದು. ಎಣ್ಣೆ ಹಚ್ಚಿಕೊಂಡು ಇಳಿಯಕೂಡದು. ಶವರಿನಲ್ಲಿ ಮೈ ತೊಳೆದುಕೊಂಡೇ ಬರತಕ್ಕದ್ದು.

"ಅಂದ್ರ ಜಳಕಾ ಮಾಡಿ ಜಳಕಕ್ಕ ಹೋಗೋದು?" ಅಂದರು ಸುಮಕ್ಕ.

"ಜಪಾನಿನಲ್ಲೂ ಹಾಗೇ ಅಕ್ಕಾ," ಅಂದ ಭಟ್ಟ. " ಅಲ್ಲಿ ಗೋಯೆಮೊನ್ ಹಂಡೆ ಅಂತಲೇ ಒಂದಿದೆ. ಕಬ್ಬಿಣದ್ದು, ಉರಿ ನೇರ ತಳಕ್ಕೆ. ಇಶಿಕಾವಾ ಗೋಯೆಮೊನ್ ಅಂತ ಒಬ್ಬ ಕಳ್ಳನನ್ನು 1594ರಲ್ಲಿ ಕ್ಯೋಟೋದಲ್ಲಿ ಕುದಿಯೋ ಕೊಪ್ಪರಿಗೆಗೆ ಹಾಕಿ ಕೊಂದರು, ಅವನ ಹೆಸರೇ ಇಟ್ಟುಬಿಟ್ಟರು. ಕಾಲು ಸುಡದ ಹಾಗೆ ನೀರಿನ ಮೇಲೆ ಮರದ ಹಲಗೆ ತೇಲಿಸಿರ್ತಾರೆ. ಅದರ ಮೇಲೆ ನಿಂತು ಹಲಗೆ ಸಮೇತ ಕೆಳಗಿಳೀಬೇಕು."

ಗೌಡ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿದ. "ಇಳಿಯೋದೇನೂ ಕಷ್ಟ ಇಲ್ಲ. ಆಮೇಲೆ ಹಲಗೇನ ಹುಡುಕ್ಬೇಕು ಅಷ್ಟೇ."

ಶಾಖದ ಮಾತಿಗೆ ಜಗಳವೇ ಆಯಿತು. 40 ಡಿಗ್ರಿ ದಾಟಬಾರದು ಎಂಬುದು ಎಲ್ಲ ಕಡೆಯ ಎಚ್ಚರಿಕೆ. ಬಿಸಿನೀರಲ್ಲಿ ಕೂತೇ ಇದ್ದರೆ ತಲೆಸುತ್ತು ಬರುತ್ತದೆ, ಬಸುರಿಯರಿಗಂತೂ ಬೇಡವೇ ಬೇಡ, ಬಿಯರ್ ಹಿಡಿದು ಕೂರುವುದು ಇನ್ನೂ ಅಪಾಯ. ಮೈ ಕೆಂಪಾಗದಿದ್ದರೆ ಅದೆಂಥ ಸ್ನಾನ ಅಂತ ಗೌಡ. 36 ಬಂದಾಗಲೇ ಸೌದೆ ನಿಲ್ಲಿಸಬೇಕು, ಉಳಿದದ್ದನ್ನು ಕೆಂಡ ನೋಡಿಕೊಳ್ತದೆ ಅಂತ ಭಟ್ಟ. ಸಾಲದ್ದಕ್ಕೆ ನಡುನಡುವೆ ಹುಟ್ಟು ಹಾಕಿ ನೀರು ಕಲಕುತ್ತಲೇ ಇರಬೇಕಂತೆ, ಇಲ್ಲದಿದ್ದರೆ ಬಿಸಿಯೆಲ್ಲ ಮೇಲೆಯೇ ನಿಂತುಬಿಡುತ್ತದೆ.

"ಅಂದ್ರೆ ಎದೆಗೆ ದೀಪಾವಳಿ, ಪಾದಕ್ಕೆ ಮಾಘಸ್ನಾನ," ಅಂದ ಗೌಡ.

ಇಷ್ಟಾಗಿ ಬೆಂಕಿ ಹಚ್ಚಲು ಮುಹೂರ್ತವೂ ಕೂಡಿಬರಬೇಕು. ಸ್ಟೋಕ್‌ವೈಸರ್ ಅಂತ ಒಂದು ಜಾಲತಾಣ ಇದೆ ಇಲ್ಲಿ. ಪೋಸ್ಟ್‌ಕೋಡ್ ಒತ್ತಿದರೆ ಇವತ್ತು ಸೌದೆ ಉರಿಸಬಹುದೋ ಬೇಡವೋ ಅಂತ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಹೇಳುತ್ತದೆ. ಗಾಳಿ ಆಡದ ದಿನ ಹೊಗೆ ಎಲ್ಲಿಗೂ ಹೋಗದೆ ಪಕ್ಕದವರ ಮೂಗಿನಲ್ಲೇ ಬೀಡುಬಿಡುತ್ತದೆ, ಅದಕ್ಕೆ. ಈ ಡಚ್ಚರನ್ನು ಏನಂದರೂ ಸರಿ, ಪಕ್ಕದವರ ಮೂಗಿನ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ.

"ಹಾಕ್ಕೊಳ್ಳೋದು ಏನು?" ಗೌಡ ದನಿ ತಗ್ಗಿಸಿದ. "ಚಡ್ಡಿ ನನ್ನ ಕೈಲಾಗಲ್ಲ. ಪಂಚೆ ಉಟ್ಕೊಂಡು ಇಳೀತೀನಿ."

"ಇಳಿದ ಕೂಡಲೇ ಪಂಚೆಯೊಳಗೆ ಗಾಳಿ ಸಿಕ್ಕಿಕೊಂಡು ಉಬ್ಬಿ ಮೇಲೆ ಬರ್ತದೆ. ಟಬ್ಬಿನಲ್ಲಿ ನೀನೊಬ್ಬನೇ ಕಾಣೋದು," ಅಂದ ಭಟ್ಟ.

ಸುಮಕ್ಕ ನಗಲಿಲ್ಲ. ಬುಕಿಂಗ್ ಪುಟದಲ್ಲಿ ಒಂದು ಕಡೆ ಅವರ ಬೆರಳು ನಿಂತಿತ್ತು. "ಬೆಂಕಿ ನೋಡ್ಕೊಳ್ಳೋರು ಯಾರು ಅಂತ ಕೇಳ್ಯಾರ. ಮೂರು ತಾಸು ಒಲಿ ಬಿಟ್ಟು ಏಳಂಗಿಲ್ಲ."

ಯಾರೂ ಉಸಿರೆತ್ತಲಿಲ್ಲ. ನನಗನ್ನಿಸಿತು: ಒಲೆ ಮುಂದೆ ಇನ್ನೊಬ್ಬರು ಕೂತಿದ್ದರೆ ಮಾತ್ರ ಇದು ಐಷಾರಾಮ. ಟಬ್ಬು ಬಾಡಿಗೆಗೆ ಬರುತ್ತದೆ, ಆ ಇನ್ನೊಬ್ಬರು ಬರುವುದಿಲ್ಲ.

"ಹಬ್ಬದ ದಿನ ನಿಮ್ಮ ಮನ್ಯಾಗ ಯಾರು ಕೂಡ್ತಿದ್ರು?" ಅಂತ ಸುಮಕ್ಕನೇ ಮುಂದುವರಿಸಿದರು. "ನಿಮ್ಮವ್ವ ತಾನೇ? ನಸುಕಿನ್ಯಾಗ ಎದ್ದು ಊದುಗೊಳವಿ ಹಿಡಿದು ಊದಿ ಊದಿ, ಕಣ್ಣಾಗ ಹೊಗಿ ತುಂಬಿಸ್ಕೊಂಡು, ಎಲ್ಲಾರಿಗೂ ಎಣ್ಣಿ ಹಚ್ಚಿ ನೀರ್ ಹಾಕಿ, ಕಡೀಕ ತಳದಾಗ ಉಳಿದ ಉಗುರುಬೆಚ್ಚಗಿನ ನೀರಾಗ ಎರಡು ತಂಬಿಗಿ ಸುರುವಿಕೊಂಡು ಹೊರಗ ಬರಾಕಿ. ಹೌದೋ ಅಲ್ಲೋ?"

"ಹೌದು ಕಣಕ್ಕೋ," ಅಂದ ಗೌಡ.

"ಹಂಗಾರ ಈ ಸಲ ನೀವು ಕುಂದರ್ರಿ."

ಭಟ್ಟನಿಗೆ ಆ ಕ್ಷಣವೇ ಹೊಗೆ ಆಗದ ಕಾಯಿಲೆ ಶುರುವಾಯಿತು. ಗೌಡನಿಗೆ ಮಂಡಿನೋವು, ಕುಕ್ಕರಗಾಲಲ್ಲಿ ಕೂರಬೇಡ ಅಂತ ಡಾಕ್ಟರು ಹೇಳಿದ್ದಾರಂತೆ. ಇದೆಲ್ಲ ಬರೆದಿಡುವವನೊಬ್ಬ ಬೇಕಲ್ಲ ಅಂದೆ ನಾನು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಮಕ್ಕ ಬೆಂಕಿಯ ಜಾಗದಲ್ಲಿ ನಮ್ಮ ಮೂವರ ಹೆಸರನ್ನೂ ಒತ್ತಿದರು. ಟಬ್ಬಿನಲ್ಲಿ ಕೂರುವವರು ಎಷ್ಟು ಜನ ಅಂತ ಕೇಳಿದ್ದಕ್ಕೆ 1 ಅಂತ ಹಾಕಿ, ದುಡ್ಡೂ ಕಟ್ಟಿಬಿಟ್ಟರು.

"ಅಕ್ಕಾ, ನೀರು ಕಲಕೋದಕ್ಕಾದರೂ ಒಬ್ಬರು ಒಳಗೆ ಬೇಕಾಗ್ತದಲ್ಲ?" ಭಟ್ಟ ಕೊನೆಯ ಯತ್ನ ಮಾಡಿದ.

"ಹೊರಗ ನಿಂತು ತಿರುವ್ರಿ. ಹುಟ್ಟು ಉದ್ದ ಐತಿ."