ಟ್ರೈಲರ್ ಕಟ್ಟಿಕೊಂಡು ತೀರ್ಥಹಳ್ಳಿ ರಸ್ತೆ: ಆಟೊಮ್ಯಾಟಿಕ್ ಪಿಕಪ್‌ನಲ್ಲಿ ಓವರ್‌ಡ್ರೈವ್ ಬೇಕಾ, ಬೇಡ್ವಾ?

ತುಂಗಾದಂಡೆ:
ಡೀಸೆಲ್ ಪಿಕಪ್, 6 ಸ್ಪೀಡ್ ಆಟೊಮ್ಯಾಟಿಕ್. ಹಿಂದೆ ಓವರ್‌ರನ್ ಬ್ರೇಕ್ (ಟ್ರೈಲರ್ ಮುಂದಿನ ಗಾಡಿಯನ್ನ ನೂಕಿದಾಗ ತಾನೇ ಹಿಡಿಯೋದು) ಇರೋ ಎರಡು ಚಕ್ರದ ಟ್ರೈಲರ್, 300 ಕೆ.ಜಿ. ಅದರಲ್ಲಿ 50 ಕೆ.ಜಿ.ಯ 18 ಚೀಲ ಗೊಬ್ಬರ, ಒಟ್ಟು 1,200. ಗಾಜನೂರು ದಾಟಿದ ಮೇಲೆ ಸಣ್ಣ ಏರು ಬಂದ್ರೂ ಗೇರ್ 6ರಿಂದ 5, 4, ಮತ್ತೆ 6 ಅಂತ ಕುಣೀತಾ ಇರುತ್ತೆ. ಹಳೇ ಗಾಡಿಗಳ ಹಾಗೆ ಓವರ್‌ಡ್ರೈವ್ (ಎಂಜಿನ್ ನಿಧಾನಕ್ಕೆ, ಹೊರಗಿನ ಶಾಫ್ಟ್ ಜೋರಾಗಿ ತಿರುಗೋ ಮೇಲಿನ ಗೇರ್) ಆಫ್ ಬಟನ್ ಇಲ್ಲ. ಏನು ಮಾಡೋದು? ಲೋಡ್ ಹೆಬ್ರಿ ಕಡೆಗೂ ಹೋಗೋದಿದೆ, ಆಗುಂಬೆ ಘಾಟಿ ಇಳಿಯೋಕೆ ಯಾವ ಗೇರ್?

ಹಳೇಗೇರ್:
ಬಟನ್ ಇಲ್ದಿದ್ರೂ ಓವರ್‌ಡ್ರೈವ್ ಇದ್ದೇ ಇದೆ, ಅದೂ ಎರಡೆರಡು. ಹೈಲಕ್ಸ್ ತರದ 6 ಸ್ಪೀಡ್ ಗೇರ್ ಪೆಟ್ಟಿಗೆಯಲ್ಲಿ 4ನೇ ಗೇರ್ 1:1. 5 ಮತ್ತು 6 ಎರಡೂ ಓವರ್‌ಡ್ರೈವ್, 0.687 ಮತ್ತು 0.580. ಡಿಫರೆನ್ಶಿಯಲ್ 3.9, ಟೈರ್ ಸುತ್ತಳತೆ 2.4 ಮೀಟರ್ ಅಂತ ಹಿಡಿದು ಲೆಕ್ಕ ಹಾಕಿ: ಗಂಟೆಗೆ 60 ಕಿ.ಮೀ.ನಲ್ಲಿ 4ರಲ್ಲಿ ಸುಮಾರು 1,600 ಆರ್‌ಪಿಎಂ, 5ರಲ್ಲಿ 1,100, 6ರಲ್ಲಿ 950 ಕೂಡ ಬರಲ್ಲ. ಹೈಲಕ್ಸಿನ 2.8 ಲೀಟರ್ ಎಂಜಿನ್‌ನ ಪೂರ್ತಿ ಟಾರ್ಕ್ ಶುರುವಾಗೋದೇ 1,600ಕ್ಕೆ. ಹಾಗಾಗಿ ಏರು ಸಿಕ್ಕಿದ ತಕ್ಷಣ ಅದು ಕೆಳಗೆ ಇಳೀಲೇಬೇಕು.

ಕುಣಿಯೋದ್ರಿಂದ ಬರೀ ಕಿರಿಕಿರಿ ಅಷ್ಟೇ ಅಂದ್ಕೋಬೇಡಿ. ಪ್ರತಿ ಸಲ ಟಾರ್ಕ್ ಕನ್ವರ್ಟರ್‌ನ ಲಾಕಪ್ (ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ನೇರ ಜೋಡಿಸೋ ಕ್ಲಚ್) ಬಿಟ್ಟುಕೊಳ್ಳುತ್ತೆ, ಒಳಗಿನ ಎಣ್ಣೆ ಕಡೆದ ಹಾಗಾಗಿ ಕಾಯುತ್ತೆ, ಕ್ಲಚ್ ಪ್ಲೇಟ್ ಸವೆಯುತ್ತೆ. ಲಿವರನ್ನ ಎಸ್‌ಗೆ ತಳ್ಳಿ, 4 ಬರೋ ತನಕ ಮೈನಸ್ ಒತ್ತಿ. ಟೊಯೊಟಾದಲ್ಲಿ ಎಸ್4 ಅಂದ್ರೆ 4ಕ್ಕಿಂತ ಮೇಲೆ ಹೋಗಲ್ಲ ಅಂತ ಅರ್ಥ. ಬೇಕಾದಾಗ 3, 2ಕ್ಕೆ ತಾನೇ ಇಳಿಯುತ್ತೆ.

ಡೀಸೆಲ್‌ಭಟ್ಟ:
ಅಷ್ಟೆಲ್ಲಾ ಯಾಕೆ ಮಾರಾಯ್ರೆ, ಟ್ರೈಲರ್ ಕಟ್ಟಿದ್ರೆ ದಾರಿಯುದ್ದಕ್ಕೂ 3. ಯೋಚನೆಯೇ ಇಲ್ಲ.

ಹಳೇಗೇರ್:
60ರಲ್ಲಿ 3 ಅಂದ್ರೆ 2,400 ಆರ್‌ಪಿಎಂ. ಎಂಜಿನ್‌ಗೆ ಏನೂ ಆಗಲ್ಲ, ಡೀಸೆಲ್ ಸುಮ್ನೆ ಸುಡುತ್ತೆ. ಭದ್ರಾವತಿ ಕಡೆ ಸಮತಟ್ಟು ರಸ್ತೆಯಲ್ಲಿ ಖಾಲಿ ಟ್ರೈಲರ್ ಎಳೆಯುವಾಗ 5 ಬಿಟ್ರೂ ತೊಂದರೆ ಇಲ್ಲ. ಒಂದೇ ಗೇರಲ್ಲಿ ನಿಂತು ಎಳೀತಿದ್ಯಾ ಅನ್ನೋದಷ್ಟೇ ನೋಡಬೇಕಾದ್ದು. ಎರಡು ನಿಮಿಷದಲ್ಲಿ ಮೂರು ಸಲ ಬದಲಾಯಿಸ್ತು ಅಂದ್ರೆ ಒಂದು ಕೆಳಗೆ ಕಟ್ಟಿಹಾಕಿ.

ಘಟ್ಟದಮೇಲೆ:
ಘಾಟಿಗೆ ಬರ್ತೀನಿ. ಆಗುಂಬೆಯಲ್ಲಿ 14 ಹೇರ್‌ಪಿನ್. ಭಾರಿ ವಾಹನಕ್ಕೆ ಅಲ್ಲಿ ನಿರ್ಬಂಧ ಇದೆ, ಮಳೆಗಾಲದಲ್ಲಿ ನಿಯಮ ಬದಲಾಗ್ತಿರುತ್ತೆ, ಟ್ರೈಲರ್ ಬಿಡ್ತಾರಾ ಅಂತ ಚೆಕ್‌ಪೋಸ್ಟ್‌ನಲ್ಲಿ ಕೇಳ್ಕೊಂಡೇ ಇಳೀರಿ. ಇಳಿಜಾರು ಶುರುವಾಗೋ ಮುಂಚೆ 2ಕ್ಕೆ ತನ್ನಿ. ಓಟ ಹತ್ತಿದ ಮೇಲೆ ಒತ್ತಿದ್ರೆ, ಆರ್‌ಪಿಎಂ ಮಿತಿ ಮೀರುತ್ತೆ ಅಂತ ಗಾಡಿ ಬರೀ ಬೀಪ್ ಮಾಡಿ ಸುಮ್ನಾಗುತ್ತೆ. 2ರಲ್ಲಿ 30ರ ವೇಗಕ್ಕೆ 1,700 ಬರುತ್ತೆ. 2,500 ದಾಟ್ತಿದ್ದ ಹಾಗೆ ಬ್ರೇಕ್ ಗಟ್ಟಿಯಾಗಿ ಒಂದು ಸಲ ಹಿಡಿದು 20ಕ್ಕೆ ಇಳಿಸಿ, ಪೂರ್ತಿ ಬಿಡಿ. ಕಾಲು ಪೆಡಲ್ ಮೇಲೇ ಇಟ್ಕೊಂಡು ಸವರ್ತಾ ಹೋದ್ರೆ ಅರ್ಧ ಘಾಟಿಯಲ್ಲೇ ವಾಸನೆ ಬರುತ್ತೆ. ಹೇರ್‌ಪಿನ್‌ಗೆ 1. ಮತ್ತೆ, ಒಣ ಡಾಂಬರಿನ ಮೇಲೆ 4 ಹೆಚ್ (ನಾಲ್ಕೂ ಚಕ್ರಕ್ಕೆ ಎಳೆತ ಕೊಡೋ ಮೋಡ್) ಹಾಕ್ಬೇಡಿ, ತಿರುವಲ್ಲಿ ಗಾಡಿ ಕಚ್ಚಿಕೊಳ್ಳುತ್ತೆ.

ತುಂಗಾದಂಡೆ:
ಗೇರ್ ಎಣ್ಣೆ ‘ಲೈಫ್‌ಟೈಮ್’, ಮುಟ್ಟೋದೇ ಬೇಡ ಅಂತಾರಲ್ಲ?

ಹಳೇಗೇರ್:
ಭಾರ ಎಳೆಯೋ ಗಾಡಿಗೆ ಆ ಮಾತು ಹಿಡಿಯಲ್ಲ. ಕೈಪಿಡಿಯಲ್ಲಿ ಕಠಿಣ ಬಳಕೆಗೆ ಅಂತ ಬೇರೆ ಅಂತರ ಕೊಟ್ಟಿರ್ತಾರೆ, ಅದನ್ನ ಹಿಡೀರಿ. ಎಣ್ಣೆ ಕಂದುಗಟ್ಟಿ ಸುಟ್ಟ ವಾಸನೆ ಬಂದ್ರೆ ಕಾಯಬೇಡಿ. ಕೆಳಗಿನ ಬೋಲ್ಟ್ ಬಿಚ್ಚಿದ್ರೆ ಒಂದು ಭಾಗ ಮಾತ್ರ ಸುರಿಯುತ್ತೆ, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತೆ. ಡಿಪ್‌ಸ್ಟಿಕ್ ಇಲ್ದಿರೋ ಪೆಟ್ಟಿಗೆಯಲ್ಲಿ ಮಟ್ಟ ನೋಡೋಕೆ ಎಣ್ಣೆ ಹೇಳಿದ ಉಷ್ಣತೆಗೆ ಬಂದಿರಬೇಕು. ತಣ್ಣಗಿದ್ದಾಗ ತುಂಬಿದ ಲೆಕ್ಕ ತಪ್ಪು.

ಘಟ್ಟದಮೇಲೆ:
ಇನ್ನೊಂದು ಬಿಟ್ಟೋಯ್ತು. ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಟ್ರೈಲರ್ ಹಿಂದಿನಿಂದ ನೂಕ್ತಾನೇ ಇರುತ್ತೆ, ಅಂದ್ರೆ ಓವರ್‌ರನ್ ಬ್ರೇಕ್ ಬಹುಪಾಲು ದಾರಿ ಹಿಡಿದೇ ಇರುತ್ತೆ. ಘಾಟಿ ಕೆಳಗಿನ ಸೋಮೇಶ್ವರದಲ್ಲಿ ನಿಲ್ಲಿಸಿ ಟ್ರೈಲರಿನ ಎರಡೂ ಚಕ್ರದ ಹಬ್ (ನಡುಭಾಗ) ಹತ್ರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಕಡೆ ಬಿಸಿ ಜಾಸ್ತಿ ಇದ್ರೆ ಬ್ರೇಕ್ ಶೂ ಹೊಂದಾಣಿಕೆ ತಪ್ಪಿದೆ ಅಥವಾ ಆ ಕಡೆ ಬೇರಿಂಗ್ ಹೋಗಿದೆ.