ಕಾಫಿ ಹೂವಿಗೆ ಹೊಳೆ ನೀರು: ಬಿಳಿ ಮೀನಿನ ಗತಿ ಏನು?

ಪ್ರಶ್ನೆ (ನೆಲ್ಯಹುದಿಕೇರಿ):
ನಮ್ಮದು ಕಾವೇರಿ ದಂಡೆಯ ರೊಬಸ್ಟಾ ಕಾಫಿ ತೋಟ. ಮಾರ್ಚ್ ಬಂತು, ಕಾಫಿ ಹೂ ಅರಳಿಸುವ ಹೂಮಳೆ ಇಲ್ಲ. ಸ್ಪ್ರಿಂಕ್ಲರ್ ಹಾಕದಿದ್ದರೆ ಫಸಲು ಕೈಬಿಡುತ್ತದೆ. ಆದರೆ ಕೆಳಗಿನ ಮಡುವಿನಲ್ಲಿ ಬಿಳಿ ಮೀನುಗಳಿವೆ (ಮಹಶೀರ್), ನೀರು ಇಳಿಯುತ್ತಿದೆ. ಪಂಪು ಹಾಕಲು ಮನಸ್ಸೇ ಬರುತ್ತಿಲ್ಲ.

ಉತ್ತರ (ಕುಶಾಲನಗರ):
ಮಡುವಿಗೆ ಮಾತ್ರ ಪೈಪು ಇಳಿಸಬೇಡಿ ಅಣ್ಣ. ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ಮೀನುಗಳಿಗೆ ಅದೇ ಆಸರೆ. ಗೂನುಬೆನ್ನಿನ ಮಹಶೀರ್ ಕಾವೇರಿ ಕೊಳ್ಳ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ.

ಉತ್ತರ (ಪೊನ್ನಂಪೇಟೆ):
ಎಲ್ಲರೂ ಒಂದೇ ದಿನ ಪಂಪು ಓಡಿಸುವುದೇ ಜಾಸ್ತಿ ತೊಂದರೆ. ಸರದಿ ಮಾಡಿಕೊಳ್ಳಿ. ಮುಂದಿನ ವರ್ಷಕ್ಕೆ ಮಳೆಗಾಲದಲ್ಲೇ ಕೆರೆ ತುಂಬಿಸಿಡಿ.

ಪ್ರಶ್ನೆ ಕೇಳಿದವರು:
ಸರದಿಗೆ ಅಕ್ಕಪಕ್ಕದ ತೋಟದವರನ್ನು ಕೇಳುತ್ತೇನೆ. ಪೈಪಿನ ಬಾಯಿಗೆ ಬಲೆ ಬೇಕಲ್ವಾ?

ಉತ್ತರ (ಕುಶಾಲನಗರ):
ಬೇಕೇ ಬೇಕು. ಸಣ್ಣ ಕಣ್ಣಿನದು ಕಟ್ಟಿ, ಮರಿಗಳು ಉಳಿಯುತ್ತವೆ.